ಸೀಕಿನ ಬೆಂಚು

ನನಗೆ ಪೂರ್ತಿ ಸಿಟ್ಟು ಬಂದಾಗ ನಾನು ಎಷ್ಟು ತೂಗುತ್ತೇನೆ ಎನ್ನುವುದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ. ತೂಗಲು ಹೋಗಿ ಮೂರು ತಕ್ಕಡಿಗಳು ಹಾಳಾದವು. ಮೂರನೆಯದರ ಹರಿದ ಸರಪಳಿ ಈಗಲೂ ಸಂತೆಕಟ್ಟೆಯ ಕಂಬದಲ್ಲಿ ನೇತಾಡುತ್ತಿದೆ, ಅದಕ್ಕೆ ಯಾರೋ ಬಾಳೆಗೊನೆ ಕಟ್ಟುತ್ತಾರೆ. ಮಾಮೂಲು ದಿನಗಳಲ್ಲಿ ನಾನು ಒಂದು ರಾಗಿ ಮೂಟೆಗಿಂತ ಕಡಿಮೆ. ಎಷ್ಟು ತಿಂದರೂ ಮೈಗೆ ಹತ್ತದ ಆಸಾಮಿ ಎಂದು ಅವ್ವ ಬೈಯುತ್ತಾಳೆ. ಆದರೆ ಯಾರಾದರೂ ಹತ್ತಿರ ಬಂದು, 'ಕಾಳಿಂಗ, ಸ್ವಲ್ಪ ಸಮಾಧಾನ ಕಣೋ' ಅಂದರೆ ಮುಗಿಯಿತು. ಚಪ್ಪಲಿ ಹರಿದು, ಕಾಲು ಗಿಣ್ಣಿನವರೆಗೆ ನೆಲದೊಳಗೆ ಇಳಿದಿರುತ್ತದೆ.

ನಮ್ಮೂರಿನಲ್ಲಿ ಸಿಟ್ಟಿಗೆ ತೂಕ ಉಂಟು. ಅದಕ್ಕೆ ತಕ್ಕಂತೆ ನಾವು ಬದುಕುತ್ತೇವೆ, ಅಷ್ಟೇ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಒಂದು ಸಿಟ್ಟುಗಲ್ಲು ಇರುತ್ತದೆ. ಜಗಳ ಬಂದರೆ ಅದರ ಮೇಲೆ ನಿಂತು ಆಡಬೇಕು, ಇಲ್ಲದಿದ್ದರೆ ನೆಲ ಹೋಗುತ್ತದೆ. ಹೊಸದಾಗಿ ಮದುವೆಯಾದವರು ಒಂದೇ ಕಲ್ಲು ಹಾಕಿಸುತ್ತಾರೆ, ವರ್ಷ ಕಳೆಯುವುದರೊಳಗೆ ಎರಡನೆಯದು ಬರುತ್ತದೆ. ಹೊಳೆ ದಾಟಿಸುವ ಅಂಬಿಗ ಮೊದಲು ನಮ್ಮ ಮುಖ ನೋಡುತ್ತಾನೆ, ಆಮೇಲೆ ದೋಣಿ ಹತ್ತಿಸುತ್ತಾನೆ. 'ನೀವಿಬ್ರೂ ರಾಜಿ ಮಾಡ್ಕೊಂಡು ಮುಂದಿನ ಸಲಕ್ಕೆ ಬನ್ನಿ' ಎಂದು ಅವನು ಬಿಟ್ಟುಹೋದ ಅಣ್ಣತಮ್ಮಂದಿರು ದಡದಲ್ಲೇ ಎರಡು ದಿನ ಕೂತದ್ದುಂಟು. ಒಮ್ಮೆ ತೆಂಗಿನಮರ ಹತ್ತಿದವನಿಗೆ ಕೆಳಗಿನಿಂದ ಅವನ ಭಾವ ಏನೋ ಅಂದನಂತೆ. ಮರ ಬಾಗಿ ಬಾಗಿ ಅವನನ್ನು ಭಾವನ ಎದುರಿಗೇ ಇಳಿಸಿತು. ಎದುರೆದುರು ಬಂದ ಮೇಲೆ ಇಬ್ಬರಿಗೂ ನಗು ಬಂತು. ನಗು ಬಂದದ್ದೇ ತೂಕ ಇಳಿಯಿತು, ಮರ ನೆಟ್ಟಗಾಯಿತು, ಅವನನ್ನು ಹುಡುಕಿದ್ದು ಪಕ್ಕದ ಹೊಲದ ಹುಲ್ಲುಮೆದೆಯಲ್ಲಿ.

ಇಂಥ ಊರಿನ ಶಾಲೆಗೆ ಮರದ ಬೆಂಚು ಹಾಕಿಸಿದ ಪುಣ್ಯಾತ್ಮ ಯಾರೋ, ಅವನನ್ನು ನೆನೆದು ಇದನ್ನು ಬರೆಯುವಾಗಲೂ ನನ್ನ ಕೆಳಗಿನ ಮಣೆ ಕಿರ್ ಎನ್ನುತ್ತಿದೆ. ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ಮೂರು ಬೆಂಚು ಮುರಿದ ವಿದ್ಯಾರ್ಥಿ ಶಾಲೆಗೆ ಬರತಕ್ಕದ್ದಲ್ಲ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಮೇಷ್ಟ್ರಿಗೆ ಒಂದೇ ಬೆಂಚು.' ನಾನು ಐದನೇ ಕ್ಲಾಸಿನಲ್ಲಿ ಮೂರು ಮುಗಿಸಿದೆ. ಮೂರನೆಯದು ಹದಿನೇಳರ ಮಗ್ಗಿಯ ದಿನ. ಬೋರಲಿಂಗಯ್ಯ ಮೇಷ್ಟ್ರು ನನ್ನ ಪಕ್ಕಕ್ಕೇ ಬಂದು ನಿಂತು, 'ಹದಿನೇಳೇಳ್ಲ ಎಷ್ಟೋ?' ಅಂದರು. ನಾನು ನೂರಾ ಒಂಬತ್ತು ಅಂದೆ. ಕ್ಲಾಸು ನಕ್ಕಿತು. ಬೆಂಚು ಲಟಕ್ ಎಂದು ಎರಡಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ.

ನನ್ನಂಥವರಿಗೆ ಇರುವುದು ಒತ್ತುಮನೆ. ಇಷ್ಟು ತೂಕ ಸುಮ್ಮನೆ ಪೋಲಾಗುವುದೇಕೆ ಎಂದು ಹಿಂದಿನವರಿಗೆ ಹೊಳೆದು ಊರ ನಡುವೆ ಅದನ್ನು ಕಟ್ಟಿದರು. ಶಾವಿಗೆ ಒತ್ತುವ ಒರಳು ನೋಡಿದವರಿಗೆ ಅಂದಾಜು ಸಿಗುತ್ತದೆ. ಮೇಲೆ ಒಂದು ಪೀಠ, ಪೀಠದ ಕೆಳಗೆ ತೊಡೆ ದಪ್ಪದ ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಚೂಪಾಗಿ ಅರೆದ ವಜ್ರ. ಅದಕ್ಕೆ ಮೂತಿಗೆ ಮೂತಿ ಕೊಟ್ಟು ಕೆಳಗೆ ಇನ್ನೊಂದು ವಜ್ರ. ಎರಡು ಮೊನೆಗಳ ನಡುವೆ ಅರ್ಧ ಸಾಸಿವೆ ಹಿಡಿಸುವಷ್ಟು ಜಾಗ. ಅಲ್ಲಿ ಒತ್ತಬೇಕಾದ ಪದಾರ್ಥದ ಚೂರೊಂದನ್ನು ಇಡುತ್ತಾರೆ. ಸಿಟ್ಟಿನವನು ಪೀಠದ ಮೇಲೆ ಕೂತರೆ ಅವನ ತೂಕವೆಲ್ಲ ಆ ಅರ್ಧ ಸಾಸಿವೆಯ ಮೇಲೆ ಬೀಳುತ್ತದೆ. ಅಂಗೈಯಲ್ಲಿ ಒತ್ತಿದರೆ ಜಗ್ಗದ ಹಲಸಿನ ಹಣ್ಣಿನೊಳಕ್ಕೆ ದಬ್ಬಳ ಸಲೀಸಾಗಿ ಇಳಿಯುತ್ತದಲ್ಲ, ಹಾಗೆ. ಚೂರಿನ ಜೊತೆ ಕೆಂಪು ಹರಳಿನ ಒಂದು ಕಣವನ್ನೂ ಇಟ್ಟಿರುತ್ತಾರೆ. ಹಸಿರು ಬೆಳಕು ಹಾಯಿಸಿದರೆ ಅದು ಹೊಳೆಯುತ್ತದೆ, ಒತ್ತಡ ಏರಿದಷ್ಟೂ ಅದರ ಕೆಂಪು ಗಾಢವಾಗುತ್ತದೆ. ಒತ್ತುಮನೆಯ ಯಜಮಾನಿ ದೇವೀರಕ್ಕ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಭೂತಗನ್ನಡಿಗೆ ಒತ್ತಿ, 'ಟೊಮೆಟೊ... ದಾಸವಾಳ... ಬಂತು ಬಂತು, ದಾಳಿಂಬೆ!' ಎಂದು ಕೂಗುತ್ತಿರುತ್ತಾಳೆ.

ಹಾಗೆ ಒತ್ತಿ ಒತ್ತಿ ನಾವು ಏನೇನೆಲ್ಲ ಮಾಡಿದ್ದೇವೆ! ನೀರನ್ನು ಒತ್ತಿದೆವು, ಮಂಜುಗಡ್ಡೆಯಾಯಿತು, ಆದರೂ ಮುಟ್ಟಿದರೆ ಕೈ ಸುಟ್ಟು ಬೊಬ್ಬೆ ಬಂತು. ಉಪ್ಪನ್ನು ಒತ್ತಿದೆವು, ನವಿಲಿನ ಕತ್ತಿನ ಬಣ್ಣ ಬಂತು. ಬೆಲ್ಲವನ್ನು ಒತ್ತಿದೆವು, ಗಾಜಿನಂತೆ ತಿಳಿಯಾಗಿ, ಉಗುರು ತಾಕಿಸಿದರೆ ಗಂಟೆಯಂತೆ ಮೊಳಗಿತು. ಮೊನೆ ಮೇಲೆತ್ತಿದ ಮೇಲೂ ಹೊಸ ರೂಪ ಹಾಗೇ ಉಳಿದರೆ 'ನಿಂತಿತು' ಅನ್ನುತ್ತೇವೆ. ನಿಂತ ಚೂರು ಹೆಪ್ಪು ಇದ್ದ ಹಾಗೆ. ಅದೇ ಪದಾರ್ಥವನ್ನು ಕರಗಿಸಿಯೋ ಕಲಸಿಯೋ ಅದರಲ್ಲಿ ಈ ಚೂರನ್ನು ಬಿಟ್ಟರೆ ಬೆಳಿಗ್ಗೆಗೆ ಪಾತ್ರೆಗೆ ಪಾತ್ರೆಯೇ ಹೊಸ ರೂಪ. ದೇವೀರಕ್ಕನ ಮನೆಯ ಕಿಟಕಿಗಳೆಲ್ಲ ಬೆಲ್ಲದವು. ಇರುವೆಗಳು ಬಂದು ನೆಕ್ಕಿ ನೋಡಿ ನಿರಾಸೆಯಿಂದ ಹಿಂದಿರುಗುತ್ತವೆ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಸಿಟ್ಟು ಸರ್ರನೆ ಇಳಿದರೆ ಚೂರು ತಿರುಗಿ ಮೊದಲಿನಂತಾಗುತ್ತದೆ, ಜೊತೆಗೆ ವಜ್ರದ ಮೊನೆಯೂ ಬಿರುಕು ಬಿಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ, ಬೆಳಗಿನಿಂದ ಊಟದ ಹೊತ್ತಿನವರೆಗೆ ಇಳಿಯಬೇಕು. ಅದಕ್ಕೇ ಪೀಠದ ಹತ್ತಿರ ಇಬ್ಬರು ಇರುತ್ತಾರೆ. ಒಬ್ಬ ಕೆಣಕುವವನು, ಒಬ್ಬ ಇಳಿಸುವವನು. ನನ್ನನ್ನು ಕೆಣಕಲು ಊರೆಲ್ಲ ಹುಡುಕಿ ಕೊನೆಗೆ ಕರೆತಂದದ್ದು ಬೋರಲಿಂಗಯ್ಯ ಮೇಷ್ಟ್ರನ್ನೇ. ರಜಾ ದಿನ ಬಂದು, ನನ್ನ ಹಳೇ ಉತ್ತರ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿ, ದಾಳಿಂಬೆ ಬಣ್ಣ ಬಂದ ಕೂಡಲೇ ಹಿಂದಿನ ಬಾಗಿಲಿನಿಂದ ಓಡಬೇಕು. ಅದು ನಿಯಮ. ಇಳಿಸುವವನು ಚನ್ನಿಗಪ್ಪ ಮಾವ. ಮೊದಲು ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾನೆ, ಆಮೇಲೆ ಒಂದು ಲೋಟ ನೀರುಮಜ್ಜಿಗೆ, ಆಮೇಲೆ ತನ್ನ ಕಳೆದುಹೋದ ಎಮ್ಮೆಯ ಕಥೆ. ಆ ಎಮ್ಮೆ ಮೂವತ್ತು ವರ್ಷದಿಂದ ಸಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಂಗಿ ಹೊನ್ನಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಒಂಬತ್ತು ವರ್ಷ. ಆ ಗುರುವಾರ ಸಂಜೆ ಅವಳು ಮನೆಗೆ ಬಂದಾಗ ಕಂಕುಳಲ್ಲಿ ಮರದ ತುಂಡೊಂದಿತ್ತು.

'ಏನೇ ಅದು?' ಅಂದೆ.

'ಬೆಂಚಿನ ಕಾಲು.'

'ಎರಡನೇ ಬೆಂಚಾ?'

'ಹೂಂ. ಆದ್ರೆ ಅಣ್ಣ, ಪೂರ್ತಿ ಮುರ್ದಿಲ್ಲ. ಮುಕ್ಕಾಲು ಅಷ್ಟೇ.'

'ಮುಕ್ಕಾಲು ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ?'

'ಗೊತ್ತಿಲ್ಲ. ಸೋಮವಾರದಿಂದ ಭಿನ್ನರಾಶಿ ಶುರುವಂತೆ, ಆವಾಗ ಹೇಳ್ಕೊಡ್ತಾರೆ.'

ಒಳಗೆ ಪಾತ್ರೆ ತಿಕ್ಕುತ್ತಿದ್ದ ಅವ್ವನ ಕೈ ನಿಂತಿತು. 'ಸೋಮವಾರ ಭಿನ್ನರಾಶಿನಾ?' ಅಂದಳು, ಯಾರೋ ಸತ್ತ ಸುದ್ದಿ ಕೇಳಿದವಳ ಹಾಗೆ. ನಮ್ಮೂರಿನಲ್ಲಿ ಭಿನ್ನರಾಶಿ ಶುರುವಾದ ವಾರ ಬಡಗಿಗೆ ಬಿಡುವೇ ಇರುವುದಿಲ್ಲ. ಹೊನ್ನಿಯ ಮೂರನೇ ಬೆಂಚು ಸೋಮವಾರ ಹೋಗುತ್ತದೆ ಎನ್ನುವುದು ಮೂವರಿಗೂ ಗೊತ್ತಾಯಿತು.

ನಾನು ಹೊರಗೆ ಬಿದ್ದದ್ದು ಒಂದು ಲೆಕ್ಕವಲ್ಲ. ಹೊನ್ನಿ ಹಾಗಲ್ಲ. ಅಂಗಡಿಯಿಂದ ಕಡಲೆ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಎರಡೂ ಬದಿ ಓದಿ, ಆಮೇಲೆ ಕಡಲೆ ತಿನ್ನುವ ಹುಡುಗಿ. ಒತ್ತುಮನೆಗೆ ಬಂದರೆ ಪೀಠದ ಕಡೆ ನೋಡುವುದೂ ಇಲ್ಲ, ನೇರ ದೇವೀರಕ್ಕನ ಭೂತಗನ್ನಡಿಯ ಹತ್ತಿರ ಹೋಗುತ್ತಾಳೆ. ಆ ಕನ್ನಡಿಯ ಹಿಂದೆ ಕೂರಬೇಕಾದರೆ ಭಿನ್ನರಾಶಿ ದಾಟಿರಬೇಕು. ಮನೆಗೆ ಒಬ್ಬ ಭಾರದ ಮನುಷ್ಯ ಸಾಕು. ಇನ್ನೊಬ್ಬಳು ನೋಡುವವಳಾಗಲಿ ಎಂದು ನನಗೆ ಎಷ್ಟು ಆಸೆ ಇತ್ತೆಂದರೆ, ಅದನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತಿತ್ತು.

'ಮುರಿಯದ ಬೆಂಚು ಮಾಡ್ತೀನಿ' ಅಂದೆ.

'ಯಾತರಲ್ಲಿ ಮಾಡ್ತೀಯ? ಬೆಲ್ಲದ್ದಾ?' ಅಂದಳು ಅವ್ವ. ಅವಳ ಕೈಯಲ್ಲಿ ಮುದ್ದೆ ಮಾಡಿದ ಪಾತ್ರೆ ಇತ್ತು. ತಳದಲ್ಲಿ ಹಿಡಿದ ಸೀಕು ಎರಡು ದಿನ ನೆನೆಸಿಟ್ಟರೂ ಜಪ್ಪಯ್ಯ ಅಂದಿರಲಿಲ್ಲ. ಹೊನ್ನಿ ಬಗ್ಗಿ ಆ ಕಪ್ಪು ಸೀಕನ್ನು ಉಗುರಿನಿಂದ ಕೆರೆದು ನೋಡಿದಳು. ಉಗುರು ಮುರಿಯಿತು.

'ಅಣ್ಣ, ಒತ್ತೋಕ್ ಮುಂಚೇನೇ ಇದು ಹಿಂಗಿದೆ,' ಅಂದಳು. 'ಒತ್ತಿದ್ರೆ?'

ಶುಕ್ರವಾರ ಬೆಳಿಗ್ಗೆ ದೇವೀರಕ್ಕ ಸೀಕಿನ ಚೂರನ್ನು ಮೊನೆಗಳ ನಡುವೆ ಇಟ್ಟಳು. ಮೇಷ್ಟ್ರು ರಜೆ ಇಲ್ಲದಿದ್ದರೂ ಶಾಲೆಗೆ ಮುಂಚೆ ಬಂದು ಓದಿದರು, ನಾನು ಏರಿದೆ, ದಾಳಿಂಬೆ ಬಂತು. ಆದರೂ ಸೀಕು ಸೀಕಾಗಿಯೇ ಇತ್ತು. 'ಇನ್ನೂ ಬೇಕು ಕಣಪ್ಪ, ಇದು ನಿಮ್ಮವ್ವನ ಕೈದು, ಸುಲಭಕ್ಕೆ ಬಗ್ಗಲ್ಲ' ಅಂದಳು ದೇವೀರಕ್ಕ. ಮೇಷ್ಟ್ರು ಹೋದರು. ಚನ್ನಿಗಪ್ಪ ಮಾವ ಎಮ್ಮೆಯ ಕಥೆ ಶುರುಮಾಡಿದ. ಎಮ್ಮೆ ಹೊಳೆ ದಾಟುವ ಹೊತ್ತಿಗೆ ಮಾವನಿಗೇ ನಿದ್ದೆ ಬಂದು, ಲೋಟದ ಮಜ್ಜಿಗೆಯೊಳಗೆ ಮೀಸೆ ಅದ್ದಿಕೊಂಡು ಗೊರಕೆ ಹೊಡೆಯತೊಡಗಿದ. ಗೊರಕೆಗೆ ಮಜ್ಜಿಗೆ ಬುಳುಬುಳು ಅಂದಿತು. ನಾನು ಎಷ್ಟು ತಡೆದರೂ ನಗು ಕಿತ್ತುಕೊಂಡು ಬಂತು. ನಕ್ಕೆ. ಪಟ್ ಎಂದು ಸದ್ದಾಯಿತು. ಮೇಲಿನ ಮೊನೆ ಸೀಳಿತ್ತು.

'ಇನ್ನೊಂದೇ ಜೋಡಿ ಉಳಿದಿರೋದು,' ಅಂದಳು ದೇವೀರಕ್ಕ. ಮಾವನನ್ನು ಬೈಯಲೂ ಅವಳಿಗೆ ಧೈರ್ಯ ಬರಲಿಲ್ಲ, ಅವಳ ಕಾಲ ಕೆಳಗೆ ಬರೀ ಮಣ್ಣಿನ ನೆಲ ಇತ್ತು.

ಶನಿವಾರ ಶಾಲೆಗೆ ರಜೆ. ಹೊನ್ನಿ ಒತ್ತುಮನೆಯ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಮೇಷ್ಟ್ರು ಹಳೇ ಉತ್ತರ ಪತ್ರಿಕೆ ತೆಗೆದರು. 'ನಮ್ಮ ದೇಹದ ಅತಿ ದೊಡ್ಡ ಅಂಗ ಯಾವುದು? ಕಾಳಿಂಗನ ಉತ್ತರ: ಅಜ್ಜಿ.' ದಾಸವಾಳದವರೆಗೆ ಬಂತು. 'ಮಳೆ ಹೇಗೆ ಬರುತ್ತದೆ? ಉತ್ತರ: ಜೋರಾಗಿ.' ಇನ್ನೊಂದಷ್ಟು ಏರಿತು. ಆದರೆ ಎಷ್ಟು ಸಲ ಕೇಳಿದ ಬೈಗುಳ! ದಾಳಿಂಬೆ ಮುಟ್ಟಿ ನಿಂತುಬಿಟ್ಟಿತು. ಮೇಷ್ಟ್ರು ನನ್ನ ಕೂದಲನ್ನು ಹಂಗಿಸಿದರು, ಚಪ್ಪಲಿಯನ್ನು ಹಂಗಿಸಿದರು. ಬೆವರು ಒರೆಸಿಕೊಂಡರು.

'ಆಗ್ತಿಲ್ಲ ಮೇಷ್ಟ್ರೆ, ಬೇರೆ ಏನಾದ್ರೂ ಅನ್ನಿ' ಎಂದಳು ದೇವೀರಕ್ಕ, ಕಣ್ಣು ತೆಗೆಯದೆ.

ಮೇಷ್ಟ್ರು ಪತ್ರಿಕೆಗಳನ್ನು ಮಡಚಿ ಕೆಳಗಿಟ್ಟರು. ಹೊನ್ನಿಯ ಕಡೆ ಒಮ್ಮೆ ನೋಡಿದರು.

'ಕಾಳಿಂಗ, ನಿನ್ನ ಮೂರನೇ ಬೆಂಚು ನೀನು ಮುರೀಲಿಲ್ಲ ಕಣೋ,' ಅಂದರು.

'ಏನಂದ್ರಿ?'

'ಅವತ್ತು ನಾನು ನಿನ್ನ ಪಕ್ಕ ನಿಂತು ಬೆಂಚಿನ ಮೇಲೆ ಮಂಡಿ ಊರಿದ್ದೆ. ಎಂಟು ಸಲ ಹೇಳ್ಕೊಟ್ಟಿದ್ದೆ, ಎಂಟು ಸಲಾನೂ ನೂರಾ ಒಂಬತ್ತು ಅಂದೆ. ನಂಗೆ ಸಿಟ್ಟು ಬಂತು. ಬೆಂಚು ನನ್ನ ಮಂಡಿ ಕೆಳಗೆ ಮುರೀತು. ನಿನ್ನ ಕಡೆ ಗಟ್ಟಿಯಾಗೇ ಇತ್ತು.' ಅವರ ದನಿ ಸಣ್ಣಗಾಯಿತು. 'ಮೇಷ್ಟ್ರಿಗೆ ಒಂದೇ ಬೆಂಚು. ನೀನು ಹೋದೆ, ನಾನು ಉಳ್ಕೊಂಡೆ.'

ಮೊದಲು ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒತ್ತುಮನೆಯ ಹೆಂಚುಗಳು ಗಲಗಲ ಅಂದವು. ಗೋಡೆಯ ಗಿಳಿಗೂಟಗಳು ಒಂದೊಂದಾಗಿ ಉದುರಿದವು. ಪೀಠ ನರಳಿತು, ಕಂಬ ಇಳಿಯಿತು, ಹೊರಗೆ ಕಟ್ಟಿದ್ದ ಕತ್ತೆ ಹಗ್ಗ ಕಿತ್ತುಕೊಂಡು ಓಡಿತು. ಹನ್ನೆರಡು ವರ್ಷ! ನಾನು ಹನ್ನೆರಡು ವರ್ಷ ನನ್ನನ್ನೇ ಬೈದುಕೊಂಡಿದ್ದೆ!

'ದಾಳಿಂಬೆ ದಾಟ್ತು!' ದೇವೀರಕ್ಕ ಕುಣಿಯುತ್ತಿದ್ದಳು, ಕಣ್ಣು ಮಾತ್ರ ಕನ್ನಡಿಯಲ್ಲೇ. 'ಅಯ್ಯೋ ನೇರಳೆ! ನೇರಳೆಹಣ್ಣು ಕಣ್ರೋ! ನನ್ನ ಜೀವಮಾನದಲ್ಲೇ ನೋಡಿಲ್ಲ! ಸೀಕು ಬೆಳ್ಳಗಾಯ್ತು... ಇಲ್ಲ, ಏನೂ ಕಾಣ್ತಿಲ್ಲ, ತಿಳಿಯಾಯ್ತು! ಆಯ್ತು! ಮೇಷ್ಟ್ರೆ, ಓಡಿ!'

ಮೇಷ್ಟ್ರು ಓಡಲಿಲ್ಲ.

ನಾನು ಏಳಬೇಕೆಂದಿದ್ದೆ. ಎದ್ದು ಅವರ ಕೊರಳಪಟ್ಟಿ ಹಿಡಿಯಬೇಕು. ಆದರೆ ಎದ್ದರೆ ಒತ್ತಡವೆಲ್ಲ ಒಂದೇ ಏಟಿಗೆ ಹೋಗುತ್ತದೆ, ಸೀಕು ಸೀಕಾಗುತ್ತದೆ, ಹೊನ್ನಿ ಸೋಮವಾರ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಾಳೆ. ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಚನ್ನಿಗಪ್ಪ ಮಾವ ಮಜ್ಜಿಗೆ ನೀಡಿದ. 'ಮಾವ, ಎಮ್ಮೆ ಸುದ್ದಿ ಎತ್ತಿದ್ರೆ ನಿನ್ನನ್ನೂ ಮೊನೆ ಮಧ್ಯ ಇಡ್ತೀನಿ' ಅಂದೆ. ಅವನು ಮಜ್ಜಿಗೆಯನ್ನು ತಾನೇ ಕುಡಿದು ಹೊರಗೆ ಹೋದ.

ನೇರಳೆ ಹಾಗೇ ನಿಂತಿತ್ತು. ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನೆಲದಲ್ಲಿ ಸಣ್ಣ ಬಿರುಕೊಂದು ಹೊರಟು ಮೇಷ್ಟ್ರ ಕಾಲಬುಡಕ್ಕೆ ಬಂತು. ಅವರು ಒಂದು ಮಣೆ ಎಳೆದುಕೊಂಡು ನನ್ನ ಎದುರಿಗೆ ಕೂತರು.

'ಹದಿನೇಳೊಂದ್ಲ?' ಅಂದರು.

'ಏನು?'

'ಹದಿನೇಳೊಂದ್ಲ ಎಷ್ಟೋ? ಅವತ್ತು ಅರ್ಧಕ್ಕೆ ನಿಂತಿತ್ತು. ಮುಗಿಸೋಣ.'

ಆ ಮನುಷ್ಯನ ಧೈರ್ಯಕ್ಕೆ ಒಂದು ಹೆಂಚು ಉದುರಿತು. ಮೂಲೆಯಿಂದ ಹೊನ್ನಿ, 'ಹೇಳೋ ಅಣ್ಣ' ಅಂದಳು.

'ಹದಿನೇಳು!' ಎಂದು ಅರಚಿದೆ.

'ಹದಿನೇಳೆರಡ್ಲ?'

'ಮೂವತ್ತನಾಲ್ಕು!'

'ಸ್ವಲ್ಪ ಇಳೀತು,' ಅಂದಳು ದೇವೀರಕ್ಕ, ಉಸಿರು ಬಿಗಿಹಿಡಿದು. 'ಹಂಗೇ, ಹಂಗೇ, ನಿಧಾನ.'

ಹದಿನೇಳ್ಮೂರ್ಲಕ್ಕೆ ತುಂಬಾ ಹೊತ್ತು ಹಿಡಿಯಿತು. ಬೆರಳು ಎಣಿಸಿದೆ, ಸಾಲದೆ ಕಾಲ್ಬೆರಳೂ ಎಣಿಸಿದೆ. ಐವತ್ತೊಂದು. ಮೇಷ್ಟ್ರು ಅವಸರ ಮಾಡಲಿಲ್ಲ. ಪ್ರತಿ ಮೆಟ್ಟಿಲಿನಲ್ಲೂ ನಾನು ಅವರನ್ನು ಒಂದಿಷ್ಟು ಬೈಯುತ್ತಿದ್ದೆ, ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು, ಆಮೇಲೆ ಮುಂದಿನದು. ಹದಿನೇಳೈದ್ಲಕ್ಕೆ ದಾಳಿಂಬೆಗೆ ಬಂದೆವು. ಆರಕ್ಕೆ ನಾನು ತಪ್ಪಿದೆ, ಸಿಟ್ಟು ಬಂತು, ಮತ್ತೆ ನೇರಳೆ. ದೇವೀರಕ್ಕ ಕಣ್ಣು ಉಜ್ಜಿಕೊಂಡಳು. ಏಳು ಬಂತು.

'ಹದಿನೇಳೇಳ್ಲ?' ಅಂದರು ಮೇಷ್ಟ್ರು.

ನಾಲಿಗೆಯ ತುದಿಗೆ ನೂರಾ ಒಂಬತ್ತು ಬಂದು ಕೂತಿತ್ತು. ಅದನ್ನು ಅಲ್ಲೇ ಬಿಟ್ಟು, ನೂರಾ ಎರಡಕ್ಕೆ ಹತ್ತು ಸೇರಿಸಿದೆ, ಆಮೇಲೆ ಏಳು ಸೇರಿಸಿದೆ. 'ನೂರಾ ಹತ್ತೊಂಬತ್ತು.'

'ಸರಿ,' ಅಂದರು ಮೇಷ್ಟ್ರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಎಷ್ಟು ಒರೆಸಿದರೂ ಅದು ತೇವವಾಗಿಯೇ ಇತ್ತು.

ಅಲ್ಲಿಂದ ಮುಂದಕ್ಕೆ ದಾಸವಾಳ, ಟೊಮೆಟೊ. ಹದಿನೇಳು ಹತ್ತೊಂಬತ್ಲ ಮುನ್ನೂರ ಇಪ್ಪತ್ಮೂರು ಎನ್ನುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲಿದ್ದ, ಹರಳಿನ ಬಣ್ಣ ಎಳೆ ಮಗುವಿನ ಉಗುರಿನ ಹಾಗಿತ್ತು.

'ಹದಿನೇಳಿಪ್ಪತ್ಲ?'

'ಅದನ್ನ ಹೇಳಲ್ಲ,' ಅಂದೆ. 'ಅದೊಂದು ನನ್ನ ಹತ್ರಾನೇ ಇರಲಿ. ಎಲ್ಲಾ ನಿಮಗೆ ಬಿಟ್ಟುಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ?'

'ಇರಲಿ,' ಅಂದರು ಮೇಷ್ಟ್ರು. 'ನ್ಯಾಯ.'

ಒಂದು ಕುಂಬಳಕಾಯಿಯಷ್ಟು ಭಾರ ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡು ನಾನು ಕೆಳಗಿಳಿದೆ. ಮೊನೆಗಳು ಬಿಟ್ಟುಕೊಂಡವು, ಪಟ್ ಅನ್ನಲಿಲ್ಲ. ದೇವೀರಕ್ಕ ಚೂರನ್ನು ಸೂಜಿಯ ತುದಿಯಲ್ಲಿ ಎತ್ತಿ ಸುತ್ತಿಗೆಯಿಂದ ಹೊಡೆದಳು. ಸುತ್ತಿಗೆಗೆ ತೂತು ಬಿತ್ತು. 'ನಿಂತಿತು!' ಎಂದು ಹೊನ್ನಿ ಒತ್ತುಮನೆಯ ತುಂಬ ಓಡಿದಳು. ಮೇಷ್ಟ್ರು ಚನ್ನಿಗಪ್ಪ ಮಾವನನ್ನು ತಬ್ಬಿಕೊಂಡರು, ಅವನು ಎಮ್ಮೆ ಸಿಕ್ಕಿತೇನೋ ಎಂದುಕೊಂಡ.

ಇನ್ನು ಬೆಂಚಿಗಾಗುವಷ್ಟು ಸೀಕು ಬೇಕಲ್ಲ. ಭಾನುವಾರ ಅವ್ವ ಮನೆಮನೆಗೆ ಹೋಗಿ ಕೇಳಿದಳು. 'ನಮ್ಮನೇಲಿ ಮುದ್ದೆ ತಳ ಹಿಡಿಯೋದೇ ಇಲ್ಲಮ್ಮ' ಎಂದು ಎಲ್ಲ ಹೆಂಗಸರೂ ಒಂದೇ ಮಾತು ಹೇಳಿದರು. ಅವ್ವ ಬರಿಗೈಯಲ್ಲಿ ಮನೆಗೆ ಬಂದು ನೋಡಿದರೆ ನಮ್ಮ ಜಗಲಿಯ ಮೇಲೆ ಹೆಸರಿಲ್ಲದ ನಲವತ್ತು ಪಾತ್ರೆಗಳು ಸಾಲಾಗಿ ಕೂತಿದ್ದವು, ಒಂದೊಂದರಲ್ಲೂ ಬೆರಳು ದಪ್ಪ ಸೀಕು. ಉಳಿಯಲ್ಲಿ ಕೆತ್ತಿ, ಅರೆದು, ಗಂಜಿಯಲ್ಲಿ ಕಲಸಿ, ಬಡಗಿಯ ಅಚ್ಚಿಗೆ ಸುರಿದು, ನಡುವೆ ಆ ಚೂರನ್ನು ಬಿಟ್ಟೆವು. ಸೋಮವಾರ ಬೆಳಿಗ್ಗೆ ಅಚ್ಚು ಬಿಚ್ಚಿದಾಗ ಬೆಂಚು ಹೊಳೆಯ ನೀರಿನಷ್ಟು ತಿಳಿಯಾಗಿತ್ತು, ಮೂಗು ಹತ್ತಿರ ಒಯ್ದರೆ ಮಾತ್ರ ಸೀದ ಮುದ್ದೆಯ ವಾಸನೆ.

ಹೊತ್ತುಕೊಂಡು ಹೋಗಿ ನಾಲ್ಕನೇ ಕ್ಲಾಸಿನಲ್ಲಿ ಇಟ್ಟು, ನಾನು ಬಾಗಿಲಲ್ಲೇ ನಿಂತೆ. ಒಳಗೆ ಕಾಲಿಡಲಿಲ್ಲ. ಹೊನ್ನಿ ಮತ್ತು ಇನ್ನೂ ನಾಲ್ಕು ಹುಡುಗಿಯರು ಅದರ ಮೇಲೆ ಕೂತರು. ಮೇಷ್ಟ್ರು ಹಲಗೆಯ ಮೇಲೆ ಅರ್ಧ ಬರೆದರು, ಅದರ ಪಕ್ಕ ಮೂರನೇ ಒಂದು ಬರೆದರು, ಎರಡನ್ನೂ ಕೂಡಿಸಲು ಹೇಳಿದರು. ಹೊನ್ನಿ ಕೂಡಿಸಿದಳು. ತಪ್ಪು. ಮತ್ತೆ ಕೂಡಿಸಿದಳು. ತಪ್ಪು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳ ಕಿವಿ ಕೆಂಪಗಾದದ್ದು ನನಗೆ ಬಾಗಿಲಿಗೇ ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ.

ಧಡಾರ್!

ಕಣ್ಣು ಬಿಟ್ಟಾಗ ಬೆಂಚು ಇದ್ದಲ್ಲಿ ಬೆಂಚು ಇರಲಿಲ್ಲ, ಒಂದು ಹಳ್ಳವಿತ್ತು. ಹಳ್ಳದಿಂದ ದೂಳು ಏಳುತ್ತಿತ್ತು. ದೂಳಿನೊಳಗಿಂದ ಐದು ಜಡೆಗಳು ಕಂಡವು, ಆಮೇಲೆ ಐದು ಹಣೆಗಳು. ಐವರೂ ಸಾಲಾಗಿ, ಕೂತ ಹಾಗೆಯೇ, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡೇ ಇಳಿದಿದ್ದರು.

'ಅಣ್ಣ!' ಹೊನ್ನಿಯ ಕೂಗು ಬಂತು. 'ಮುರೀಲಿಲ್ಲ! ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ!'

ಪಕ್ಕದ ಕ್ಲಾಸಿನವರೆಲ್ಲ ಓಡಿಬಂದರು. ಬೋರಲಿಂಗಯ್ಯ ಮೇಷ್ಟ್ರು ಹಳ್ಳದ ಅಂಚಿಗೆ ಬಗ್ಗಿ ಬೆಂಚನ್ನು ನೋಡಿದರು. ಆಮೇಲೆ ಗೋಡೆಯ ಮೇಲಿನ ಬರಹವನ್ನು ಒಂದೊಂದೇ ಅಕ್ಷರ ಓದಿದರು. ಮೊದಲು ದಪ್ಪದ್ದು, ಆಮೇಲೆ ಸಣ್ಣದು. ಸಣ್ಣದನ್ನು ಎರಡು ಸಲ ಓದಿದರು.

'ನೆಲದ ವಿಷಯ ಇದರಲ್ಲಿ ಏನೂ ಬರೆದಿಲ್ಲ,' ಅಂದರು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. 'ಹೊನ್ನಿ, ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು? ಅಲ್ಲಿಂದಲೇ ಹೇಳು.'

ಹಳ್ಳದೊಳಗೆ ಬಳಪದ ಸದ್ದು ಶುರುವಾಯಿತು. ನಾನು ಹೊಸ್ತಿಲು ದಾಟಿದೆ. ನನ್ನ ಹೆಜ್ಜೆಗೆ ನೆಲ ಏನೂ ಅನ್ನಲಿಲ್ಲ. ಹಳ್ಳದ ಈಚೆ ನಾನು, ಆಚೆ ಮೇಷ್ಟ್ರು.

'ಹದಿನೇಳಿಪ್ಪತ್ಲ ಮುನ್ನೂರ ನಲವತ್ತು,' ಅಂದೆ.